ರಾತ್ರಿ ತೊಟ್ಟಿಯಲ್ಲಿ ‘ಟಕ್’ ಸದ್ದು, ಬೆಳಿಗ್ಗೆ ಒಡೆದ ಚಿಪ್ಪು: ಲೈವ್ ರಾಕ್ ಒಳಗೆ ಇರೋದು ಏನು?

ಉಪ್ಪುನೀರು_ದಾವಣಗೆರೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ದಾವಣಗೆರೆ ವಿದ್ಯಾನಗರದಲ್ಲಿ ಮನೆಯೊಳಗೆ 200 ಲೀಟರಿನ ಉಪ್ಪುನೀರಿನ ತೊಟ್ಟಿ ಇದೆ. ಅಳತೆ 100 × 40 × 50 ಸೆಂ.ಮೀ., ಗಾಜು 10 ಮಿ.ಮೀ. ಒಳಗೆ ಎರಡು ಕ್ಲೌನ್ ಮೀನು, ಒಂದು ಹಳದಿ ವಾಚ್‌ಮನ್ ಗೋಬಿ ಮೀನು, ಪಾಚಿ ತಿನ್ನಲಿಕ್ಕೆ ಟರ್ಬೋ ಬಸವನಹುಳುಗಳು. ಊರಲ್ಲೇ ಒಬ್ಬರು ಮುಚ್ಚಿದ ಹಳೇ ತೊಟ್ಟಿಯಿಂದ ಬಂದ 18 ಕೆ.ಜಿ. ಲೈವ್ ರಾಕ್ (ಒಳಗೆ ಜೀವಿಗಳು ಮನೆ ಮಾಡಿರೋ ಹವಳದ ಕಲ್ಲು) ಹಾಕಿದೆ. ಅಲ್ಲಿಂದ ಶುರು: ಆಗಾಗ ‘ಟಕ್’ ಅನ್ನೋ ಸದ್ದು. ಗಾಜಿಗೆ ಕಲ್ಲು ತಾಗಿದ ಹಾಗೆ ಕೇಳುತ್ತೆ. 10 ಬಸವನಹುಳುಗಳಲ್ಲಿ ಈಗ 4 ಉಳಿದಿವೆ. ಸತ್ತವುಗಳ ಚಿಪ್ಪು ಖಾಲಿ, ಬಾಯಿ ಹತ್ತಿರ ಚೂರುಚೂರು. ಎಡಗಡೆ ಕಲ್ಲಿನ ಕೆಳಗೆ ಮರಳಿನ ಗುಡ್ಡೆಯೂ ಬಿದ್ದಿದೆ. ರಾತ್ರಿ ಟಾರ್ಚ್ ಬಿಟ್ಟರೆ ಗುಲಾಬಿ ಬಣ್ಣದ ಮುಳ್ಳುಹುಳುಗಳು ಮಾತ್ರ ಕಾಣ್ತಾವೆ.

ಉಷ್ಣಾಂಶ 27 ಡಿಗ್ರಿ, ಉಪ್ಪಿನ ಸಾಂದ್ರತೆ 1.025, ಅಮೋನಿಯ ಸೊನ್ನೆ. ಗಾಜು ಒಡೆಯುತ್ತೆ ಅಂತ ಮನೆಯವರಿಗೆ ಭಯ. ಇದು ಏನು, ಕಲ್ಲೆಲ್ಲ ಬಿಸಾಡದೆ ಇದನ್ನೊಂದನ್ನೇ ಹೊರಗೆ ತೆಗೆಯೋದು ಹ್ಯಾಗೆ?

---

ಕಲ್ಲಿನಕೋಟೆ (ಚಿತ್ರದುರ್ಗ):

ಮೊದಲು ಸದ್ದು ಪ್ರಾಣಿಯದೇ ಹೌದಾ ನೋಡಿ ಸರ್. ನಮ್ಮ ಕಡೆ ವೋಲ್ಟೇಜ್ ಏರಿಳಿತಕ್ಕೆ ಸ್ಟೆಬಿಲೈಸರಿನ ರಿಲೇ ದಿನವಿಡೀ ‘ಟಕ್’ ಅಂತಿರುತ್ತೆ, ಹೀಟರಿನ ಥರ್ಮೋಸ್ಟಾಟ್ ಕೂಡ. ರಾತ್ರಿ ಒಂದು ಸಲ ಪವರ್‌ಹೆಡ್ (ನೀರು ತಿರುಗಿಸೋ ಪಂಪ್), ಸ್ಕಿಮ್ಮರ್ (ಕೊಳೆಯನ್ನು ನೊರೆಯಾಗಿ ತೆಗೆಯೋದು), ಹೀಟರ್ ಎಲ್ಲ ಹತ್ತು ನಿಮಿಷ ಆರಿಸಿ. ಉದ್ದ ಸ್ಕ್ರೂಡ್ರೈವರಿನ ತುದಿಯನ್ನು ಗಾಜಿಗೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟು ಕೇಳಿ. ಸದ್ದು ಯಾವ ಮೂಲೆಯಲ್ಲಿ ಜೋರು ಅಂತ ಗೊತ್ತಾಗುತ್ತೆ.

ಪ್ರಾಣಿಯೇ ಆದರೆ ಎರಡೇ ಗುಮಾನಿ: ಪಿಸ್ತೂಲ್ ಸಿಗಡಿ, ಇಲ್ಲವೇ ಮ್ಯಾಂಟಿಸ್ ಸಿಗಡಿ. ಹೆಸರಲ್ಲಿ ಎರಡೂ ಸಿಗಡಿ, ಆದರೆ ಹತ್ತಿರದ ನೆಂಟರಲ್ಲ. ನೀವು ಬರೆದ ಗುರುತುಗಳು ಎರಡೂ ಕಡೆ ವಾಲುತ್ತವೆ, ಅದಕ್ಕೇ ನನಗೆ ಎರಡೂ ಇರಬಹುದು ಅನಿಸ್ತಿದೆ.

ಪಿಸ್ತೂಲ್ ಸಿಗಡಿಗೆ ಒಂದು ಕೊಂಡಿ ವಿಪರೀತ ದೊಡ್ಡದು. ಅದು ಮುಚ್ಚುವ ರಭಸಕ್ಕೆ ಸೆಕೆಂಡಿಗೆ ಸುಮಾರು 25 ಮೀಟರ್ ವೇಗದಲ್ಲಿ ನೀರು ಚಿಮ್ಮುತ್ತೆ, ಅದರ ಹಿಂದೆ ಒಂದು ಆವಿಗುಳ್ಳೆ ಹುಟ್ಟುತ್ತೆ. ಕೇಳಿಸೋ ಸದ್ದು ಕೊಂಡಿ ಬಡಿದದ್ದಲ್ಲ, ಆ ಗುಳ್ಳೆ ಕುಸಿದದ್ದು. ಇದನ್ನು 2000ರಲ್ಲಿ ಅತಿವೇಗದ ಕ್ಯಾಮೆರಾದಿಂದ ತೋರಿಸಿದರು. ಮರುವರ್ಷ ಆ ಕುಸಿತದಲ್ಲಿ ಕಣ್ಣಿಗೆ ಕಾಣದಷ್ಟು ಕ್ಷಣಿಕ ಬೆಳಕೂ ಹೊಮ್ಮುತ್ತೆ ಅಂತ ಪತ್ತೆಯಾಯಿತು. ಇವುಗಳ ಗದ್ದಲ ಎರಡನೇ ಮಹಾಯುದ್ಧದಲ್ಲಿ ಜಲಾಂತರ್ಗಾಮಿಗಳನ್ನು ಕಿವಿಗೊಟ್ಟು ಹುಡುಕುವವರಿಗೆ ತಲೆನೋವಾಗಿತ್ತು. ಆದರೆ ಗಾಜು ಇದರಿಂದ ಒಡೆಯಲ್ಲ. ಈ ಪ್ರಾಣಿಯ ಗುರುತು ಸದ್ದಿಗಿಂತ ಮರಳು: ಕಲ್ಲಿನಡಿ ಸುರಂಗ ತೋಡಿ ಹೊರಗೆ ಗುಡ್ಡೆ ಹಾಕುತ್ತೆ, ಸಣ್ಣ ಕಲ್ಲು ತಂದು ಬಾಯಿಗೆ ಆಸರೆ ಕೊಡುತ್ತೆ.

ಮ್ಯಾಂಟಿಸ್‌ನ ಸದ್ದು ಅಪರೂಪ, ಆದರೆ ಭಾರ. ಇವುಗಳಲ್ಲಿ ಚುಚ್ಚುವ ಬಗೆ, ಗುದ್ದುವ ಬಗೆ ಅಂತ ಎರಡು. ಕಲ್ಲಿನ ಜೊತೆ ಮನೆಗೆ ಬರೋದು ಹೆಚ್ಚಾಗಿ ಗುದ್ದುವ ಬಗೆಯ ಗೊನೊಡ್ಯಾಕ್ಟೈಲಸ್ ಬಳಗದವು, ಬೆರಳಿನಷ್ಟು ಉದ್ದ. ನವಿಲು ಮ್ಯಾಂಟಿಸ್ ಅನ್ನೋ ದೊಡ್ಡ ಜಾತಿಯ ಗುದ್ದಿನ ವೇಗವನ್ನು 2004ರಲ್ಲಿ ಅಳೆದಾಗ ಸೆಕೆಂಡಿಗೆ 23 ಮೀಟರ್ ಬಂತು. ಒಂದೇ ಗುದ್ದಿಗೆ ಎರಡು ಪೆಟ್ಟು: ಮೊದಲು ಮುಷ್ಟಿಯದು, ಹಿಂದೆಯೇ ಗುಳ್ಳೆ ಕುಸಿದದ್ದು. ಚಿಪ್ಪಿನ ಬಾಯಿ ಹತ್ತಿರ ಚೂರಾಗಿದೆ ಅಂದಿರಲ್ಲ, ಅದು ಇದರ ಸಹಿ. ಹರ್ಮಿಟ್ ಏಡಿ ತಿಂದ ಚಿಪ್ಪಾದರೆ ಇಡಿಯಾಗಿ ಉಳಿಯುತ್ತೆ.

ರಾತ್ರಿ ಟಾರ್ಚ್‌ನಲ್ಲಿ ಯಾಕೆ ಸಿಗಲಿಲ್ಲ ಅಂದರೆ, ಗುದ್ದುವ ಮ್ಯಾಂಟಿಸ್‌ಗಳಲ್ಲಿ ಬಹಳಷ್ಟು ಹಗಲಿನ ಪ್ರಾಣಿಗಳು. ಕತ್ತಲಾದರೆ ಕಲ್ಲಿನ ಚೂರು ಎಳೆದುಕೊಂಡು ಬಾಗಿಲು ಹಾಕ್ತವೆ. ಹುಡುಕೋದಾದರೆ ಲೈಟ್ ಹತ್ತಿದ ಮೊದಲ ಅರ್ಧ ಗಂಟೆ, ಆರುವ ಮುಂಚಿನ ಅರ್ಧ ಗಂಟೆ. ಕಿರುಬೆರಳು ಹೋಗುವಷ್ಟು ದುಂಡನೆಯ, ಅಂಚು ನುಣುಪಾದ ತೂತು ನೋಡಿ. ಸುತ್ತ ಚಿಪ್ಪಿನ ಚೂರು ಬಿದ್ದಿರುತ್ತೆ. ಅನುಮಾನದ ಪ್ರತಿ ತೂತಿನ ಬಾಯಿಗೆ ಚಿಕ್ಕ ಬಿಳಿ ಚಿಪ್ಪಿನ ಚೂರು ಅಡ್ಡ ಇಟ್ಟು ಫೋಟೋ ತೆಗೆಯಿರಿ. ಮರುದಿನ ಯಾವುದು ಸರಿದಿದೆಯೋ ಅಲ್ಲಿ ವಾಸ ಇದೆ. ಸದ್ದು ನಿಂತು ವಾರವಾಯ್ತು, ಸತ್ತಿರಬೇಕು ಅಂದುಕೊಳ್ಳಬೇಡಿ. ಪೊರೆ ಬಿಡುವ ಕಾಲಕ್ಕೆ ಬಾಗಿಲು ಮುಚ್ಚಿ ಒಳಗೇ ಇದ್ದುಬಿಡುತ್ತೆ.

ಅಂದಹಾಗೆ, ಕೈ ಹಾಕಬೇಡಿ. ರಬ್ಬರ್ ಗ್ಲೋವ್ಸ್ ಇದರ ಮುಂದೆ ಲೆಕ್ಕಕ್ಕಿಲ್ಲ.

---

ಜೀವಶಾಸ್ತ್ರ_ಮೇಡಂ:

ಕಲ್ಲಿನಕೋಟೆಯವರು ಹೇಳಿದ್ದು ಸರಿ. ನಾನು ಸೇರಿಸಬೇಕೆಂದಿರುವುದು ಒಂದೇ: ಭಯಕ್ಕೆ ಕಲ್ಲನ್ನೆಲ್ಲ ಕುದಿಸಿ, ಬ್ಲೀಚ್ ಮಾಡಿ ‘ಶುದ್ಧ’ ಮಾಡಬೇಡಿ. ಆ ಕಲ್ಲಿನ ಬೆಲೆ ಇರುವುದೇ ಒಳಗಿನ ಜೀವದಲ್ಲಿ.

ಹವಳದ ದಿಬ್ಬದಲ್ಲಿ ನಮಗೆ ಕಾಣುವ ಮೀನು, ಹವಳ ಎಲ್ಲ ಹೊರಗಿನ ಅಂಗಳ. ಸಂದುಗೊಂದಿನ ಲೆಕ್ಕವೇ ಬೇರೆ. 2011ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಬೇರೆಬೇರೆ ಸಮುದ್ರಗಳಿಂದ ತೆಗೆದ ಸತ್ತ ಹವಳದ ತುಂಡುಗಳನ್ನು, ಒಟ್ಟು ಸೇರಿಸಿದರೆ ಕೇವಲ 6.3 ಚದರ ಮೀಟರ್, ಬಿಡಿಸಿ ನೋಡಿದಾಗ ಏಡಿ–ಸಿಗಡಿ ವರ್ಗದ 525 ಜಾತಿಗಳು ಸಿಕ್ಕವು. ಒಂದು ಚಿಕ್ಕ ಕೋಣೆಯ ನೆಲಕ್ಕಿಂತ ಕಡಿಮೆ ಜಾಗ.

ಸ್ಪಂಜುಗಳ ಕೆಲಸ ಇನ್ನೂ ಸ್ವಾರಸ್ಯ. ಹವಳ ಮತ್ತು ಪಾಚಿ ನೀರಿಗೆ ಬಿಡುವ ಕರಗಿದ ಸಾವಯವ ವಸ್ತುವನ್ನು ಮೀನು, ಏಡಿ ತಿನ್ನಲಾರವು. ಗುಹೆ, ಬಿರುಕಿನಲ್ಲಿರುವ ಸ್ಪಂಜುಗಳು ಅದನ್ನು ಹೀರಿ, ತಮ್ಮ ಜೀವಕೋಶಗಳನ್ನು ಬೇಗಬೇಗ ಉದುರಿಸುತ್ತವೆ. ಆ ಉದುರು ಹುಳು, ಏಡಿಗಳಿಗೆ ಊಟವಾಗುತ್ತದೆ. ಪೋಷಕಾಂಶ ಕಡಿಮೆಯಿರುವ ತಿಳಿನೀರಿನಲ್ಲಿ ಇಷ್ಟು ಜೀವ ಹೇಗೆ ತುಂಬಿದೆ ಎಂಬುದಕ್ಕೆ 2013ರಲ್ಲಿ ಸಿಕ್ಕ ಒಂದು ಉತ್ತರ ಇದು. ನಿಮ್ಮ ತೊಟ್ಟಿಯ ಕಲ್ಲಿನ ಅಡಿಭಾಗದಲ್ಲೂ ಬಿಳಿ, ಹಳದಿ ಸ್ಪಂಜು ಇರುತ್ತದೆ. ಕಲ್ಲು ಹೊರತೆಗೆಯುವಾಗ ಅದಕ್ಕೆ ಗಾಳಿ ತಾಗಿದರೆ ರಂಧ್ರಗಳಲ್ಲಿ ಗಾಳಿ ಸಿಕ್ಕಿ ಸಾಯಬಹುದು. ಸತ್ತರೆ ಕೊಳೆತು ಅಮೋನಿಯ ಏರುತ್ತದೆ. ಹಾಗಾಗಿ ಸ್ಪಂಜು ಹೆಚ್ಚಿರುವ ಕಲ್ಲನ್ನು ನೀರಿನೊಳಗೇ ಟಬ್ಬಿಗೆ ದಾಟಿಸಿ.

ಚಿಕ್ಕ ಮೀನುಗಳೂ ಇದೇ ಲೋಕದವು. ದಿಬ್ಬದ ಮೇಲೆ ತಿನ್ನಲ್ಪಡುವ ಮೀನಿನ ಮಾಂಸದಲ್ಲಿ ಸುಮಾರು 60 ಶೇಕಡ ಬರುವುದು ಸಂದಿನಲ್ಲಿ ಅಡಗಿರುವ ಗೋಬಿ, ಬ್ಲೆನ್ನಿಯಂಥ ಪುಟಾಣಿಗಳಿಂದ ಎಂದು 2019ರ ಅಧ್ಯಯನವೊಂದು ಲೆಕ್ಕ ಹಾಕಿತು. ಅವುಗಳಲ್ಲಿ ಏವಿಯೋಟಾ ಸಿಗಿಲ್ಲಾಟಾ ಎಂಬ ಗೋಬಿಯ ಆಯಸ್ಸು ಹೆಚ್ಚೆಂದರೆ 59 ದಿನ. ನಮ್ಮ ಮೆಕ್ಕೆಜೋಳದ ಬೆಳೆ ಕಟಾವಿಗೆ ಬರುವಷ್ಟರಲ್ಲಿ ಅದರ ಹುಟ್ಟು, ಮದುವೆ, ಸಾವು ಎಲ್ಲ ಮುಗಿದಿರುತ್ತದೆ.

ಪಿಸ್ತೂಲ್ ಸಿಗಡಿ ಸಿಕ್ಕರೆ ದಯವಿಟ್ಟು ಇಟ್ಟುಕೊಳ್ಳಿ. ನಿಮ್ಮಲ್ಲಿರುವ ಹಳದಿ ವಾಚ್‌ಮನ್ ಗೋಬಿ ಅದರ ಸಹಜ ಜೊತೆಗಾರ. ಸಿಗಡಿಗೆ ದೃಷ್ಟಿ ಮಂದ. ಅದು ತೋಡುತ್ತಾ ಒಂದು ಮೀಸೆಯನ್ನು ಸದಾ ಗೋಬಿಯ ಮೈಗೆ ತಾಗಿಸಿಕೊಂಡಿರುತ್ತದೆ. ಅಪಾಯ ಕಂಡರೆ ಗೋಬಿ ಬಾಲ ಅದುರಿಸುತ್ತದೆ, ಸಿಗಡಿ ಒಳಗೆ ಸರಿಯುತ್ತದೆ. ಮನೆ ಕಟ್ಟುವುದು ಇದರ ಪಾಲು, ಕಾವಲು ಅದರ ಪಾಲು. ಆದರೆ ಎಲ್ಲ ಪಿಸ್ತೂಲ್ ಸಿಗಡಿಗಳೂ ಗೋಬಿಯ ಜೊತೆ ಬಾಳುವವಲ್ಲ. ಸಿನಾಲ್ಫಿಯಸ್ ಕುಲದ ಕೆಲವು ಸ್ಪಂಜಿನೊಳಗೆ ಗುಂಪಾಗಿ ಇರುತ್ತವೆ. ಕೆರಿಬಿಯನ್ ಕಡೆಯ ಒಂದು ಜಾತಿಯಲ್ಲಿ ಮುನ್ನೂರರವರೆಗೆ ಸಿಗಡಿಗಳಿಗೆ ಒಂದೇ ರಾಣಿ, ಜೇನುಗೂಡಿನ ವ್ಯವಸ್ಥೆಯೇ. ಸಮುದ್ರದಲ್ಲಿ ಇಂಥದ್ದು ಇದೆಯೆಂದು ಮೊದಲು ಗೊತ್ತಾದದ್ದು 1996ರಲ್ಲಿ.

---

ಕೆರೆಏರಿ:

ಮುಳ್ಳುಹುಳು ಬಗ್ಗೆ ಯಾರೂ ಹೇಳಲಿಲ್ಲ, ಅದಕ್ಕೆ ಬರಿತೀನಿ. ಗುಲಾಬಿ ಮೈ, ಎರಡೂ ಬದಿಗೆ ಬಿಳಿ ರೋಮ ಇರೋವು ಮಿಕ್ಕ ಆಹಾರ ತಿಂದು ಬದುಕೋ ಹುಳ. ಇರಲಿ ಬಿಡ್ರಿ. ಸಂಖ್ಯೆ ಸಿಕ್ಕಾಪಟ್ಟೆ ಏರಿದ್ರೆ ಹುಳದ ತಪ್ಪಲ್ಲ, ನೀವು ಮೀನಿಗೆ ಜಾಸ್ತಿ ತಿನ್ನಿಸ್ತಿದೀರಿ ಅಂತ ಅರ್ಥ. ಆಹಾರ ಅರ್ಧ ಮಾಡಿದ್ರೆ ತಾನೇ ಇಳಿತಾವೆ. ರೋಮ ಚುಚ್ಚಿದ್ರೆ ಉಜ್ಜಬ್ಯಾಡ್ರಿ, ಸೆಲ್ಲೋಟೇಪ್ ಅಂಟಿಸಿ ಕಿತ್ತು ತೆಗೀರಿ. ಹುಳನ್ನ ಕತ್ತರಿಸಲೂಬ್ಯಾಡ್ರಿ, ಇವುಗಳಲ್ಲಿ ತುಂಡಾದ್ರೆ ಎರಡೂ ತುಂಡು ಬೆಳೆಯೋ ಜಾತಿ ಇದಾವೆ.

ಹುಷಾರಾಗಿರಬೇಕಾದ್ದು ಬೇರೆ ಒಂದಿದೆ. ತಲೆ ಮೇಲೆ ಐದು ಮೀಸೆ, ಮೈ ಮೇಲೆ ಎಣ್ಣೆ ಚೆಲ್ಲಿದಂಥ ಬಣ್ಣಬಣ್ಣದ ಹೊಳಪು, ಕತ್ತರಿಯಂಥ ದವಡೆ ಇದ್ರೆ ಅದು ಯೂನಿಸ್ ಜಾತಿ. ‘ಬಾಬಿಟ್ ಹುಳು’ ಅಂತಾರಲ್ಲ, ಆ ಬಳಗ. 2009ರಲ್ಲಿ ಜಪಾನಿನ ಒಂದು ಬಂದರಿನ ತೆಪ್ಪದೊಳಗೆ ಸಿಕ್ಕಿದ್ದು 299 ಸೆಂ.ಮೀ. ಉದ್ದ, 433 ಗ್ರಾಂ ತೂಕ, ಮೈಯಲ್ಲಿ ಉಂಗುರದಂಥ 673 ಖಂಡ ಇತ್ತು. ಅದು ಅಲ್ಲಿ ವರ್ಷಗಟ್ಟಲೆ ಯಾರಿಗೂ ಗೊತ್ತಾಗದೆ ಬೆಳೆದಿತ್ತು. ರಾತ್ರಿ ಮೀನೇ ಮಾಯ ಆಗ್ತಾ ಇದ್ರೆ ಇದರ ಮೇಲೆ ಅನುಮಾನ ಪಡ್ರಿ. ನಿಮ್ಮಲ್ಲಿ ಮೀನು ಸರಿಯಾಗಿದಾವೆ, ಚಿಪ್ಪು ಒಡೀತಿದೆ, ಹಂಗಾಗಿ ಇದಲ್ಲ.

ಟಾರ್ಚಿಗೆ ಕೆಂಪು ಜೆಲಟಿನ್ ಕಾಗದ ಎರಡು ಪದರ ಸುತ್ತಿ ಲೈಟ್ ಆರಿದ ಎರಡು ಗಂಟೆ ಮೇಲೆ ನೋಡ್ರಿ. ಬಿಳಿ ಬೆಳಕಿಗೆ ಎಲ್ಲಾ ಒಳಗೆ ಓಡ್ತಾವೆ. ಬಸವನಹುಳದ ಸಾವಿಗೆ ಏಡಿನೂ ಕಾರಣ ಇರಬಹುದು. ಮೈ ತುಂಬ ಕೂದಲು, ಕೊಂಡಿ ತುದಿ ಕಪ್ಪು ಇದ್ರೆ ಅದನ್ನ ಬಿಡಬ್ಯಾಡ್ರಿ, ಹಿಡೀರಿ.

---

ಉಪ್ಪುನೀರು_ದಾವಣಗೆರೆ:

ಎಲ್ಲರಿಗೂ ಧನ್ಯವಾದ. ಮೇಡಂ, ಸ್ಪಂಜಿನ ವಿಷಯ ಗೊತ್ತಿರಲಿಲ್ಲ. ಚೂರು ಇಟ್ಟು ನೋಡಿದೆ. ಬಲಗಡೆ ಮೇಲಿನ ಕಲ್ಲಲ್ಲಿ (ಸುಮಾರು 3 ಕೆ.ಜಿ.) ಒಂದು ತೂತಿನ ಚೂರು ಹೊರಗೆ ಬಿದ್ದಿದೆ. ಬೆಳಿಗ್ಗೆ ಲೈಟ್ ಹತ್ತಿದಾಗ ಅಲ್ಲಿ ದಂಟಿನ ಮೇಲೆ ಎರಡು ಹಸಿರು ಕಣ್ಣು ಕಾಣಿಸ್ತು, ಒಂದು ಆ ಕಡೆ ಒಂದು ಈ ಕಡೆ ತಿರುಗ್ತಿತ್ತು. ಎಡಗಡೆ ಮರಳು ಗುಡ್ಡೆ ಹತ್ತಿರ ಕೆಂಪು ಟಾರ್ಚಲ್ಲಿ ಎರಡು ಉದ್ದ ಮೀಸೆ ಮಾತ್ರ. ಬಾಟಲಿ ಬೋನು ಇಟ್ಟರೆ ಸಾಕಾ? ತೂತಿಗೆ ಎಪಾಕ್ಸಿ ಅಂಟು ಮೆತ್ತಿ ಮುಚ್ಚಿಬಿಡ್ಲಾ?

---

ಕಲ್ಲಿನಕೋಟೆ (ಚಿತ್ರದುರ್ಗ):

ಬಲಗಡೆಯದು ಮ್ಯಾಂಟಿಸ್, ಎಡಗಡೆಯದು ಪಿಸ್ತೂಲ್. ಎಡಗಡೆಯದನ್ನು ಮುಟ್ಟಬೇಡಿ.

ಎಪಾಕ್ಸಿ ಬೇಡವೇ ಬೇಡ. ತೂತಿಗೆ ಎರಡನೇ ಬಾಗಿಲು ಸಾಮಾನ್ಯವಾಗಿ ಇರುತ್ತೆ. ಇಲ್ಲದಿದ್ದರೆ ಗುದ್ದಿ ಮಾಡಿಕೊಳ್ಳುತ್ತೆ, ಅದೂ ಆಗದಿದ್ದರೆ ಒಳಗೇ ಸತ್ತು ಕೊಳೆಯುತ್ತೆ. ತಾಮ್ರದ ಔಷಧಿಯ ಯೋಚನೆಯೂ ಬೇಡ. ತಾಮ್ರ ಚಿಪ್ಪು, ಹುಳು, ಸಿಗಡಿ ಎಲ್ಲವನ್ನೂ ಕೊಲ್ಲುತ್ತೆ, ಕಲ್ಲು ಅದನ್ನು ಹೀರಿಕೊಂಡು ತಿಂಗಳುಗಟ್ಟಲೆ ಬಿಡುತ್ತಾ ಇರುತ್ತೆ. ಬಾಟಲಿ ಬೋನು (ಅರ್ಧ ಲೀಟರ್ ಬಾಟಲಿಯ ಮೇಲ್ಭಾಗ ಕತ್ತರಿಸಿ ತಲೆಕೆಳಗಾಗಿ ಕೂಡಿಸಿ, ಒಳಗೆ ಹಸಿ ಸಿಗಡಿ ಚೂರು) ಏಡಿಗೆ ಚೆನ್ನ. ಮ್ಯಾಂಟಿಸ್‌ನ ಕಣ್ಣು ಬಹಳ ಚುರುಕು, ಬೋನಿಗೆ ಬಂದರೂ ತಿಂದು ಹೊರಟುಬಿಡುತ್ತೆ. ಯಾವ ಕಲ್ಲು ಅಂತ ಗೊತ್ತಾದ ಮೇಲೆ ಕಲ್ಲನ್ನೇ ತೆಗೆಯೋದು ಸಲೀಸು.

ಮಾಡೋದು ಹೀಗೆ. ಹಿಂದಿನ ದಿನವೇ 40 ಲೀಟರ್ ಹೊಸ ಉಪ್ಪುನೀರು ತಯಾರಿಸಿ. ಮನೆ ಆರ್‌ಒದಲ್ಲಿ ರುಚಿಗೆ ಅಂತ ಹಸಿ ನೀರು ಬೆರೆಸೋ ಟಿಡಿಎಸ್ ಕವಾಟ ಇರುತ್ತೆ, ಅದನ್ನು ಪೂರ್ತಿ ಮುಚ್ಚಿ. ನಮ್ಮ ಎರಡೂ ಜಿಲ್ಲೆಯ ಬೋರ್ ನೀರು ಗಡಸು, ಫ್ಲೋರೈಡೂ ಇದೆ, ನೇರ ಬಳಸಲೇಬಾರದು. ನಲ್ಲಿಯಲ್ಲಿ ಬರೋದು ನಿಮ್ಮಲ್ಲಿ ಕುಂದವಾಡ ಕೆರೆ ನೀರಾದರೂ, ಇಲ್ಲಿ ಸೂಳೆಕೆರೆ ನೀರಾದರೂ ಕ್ಲೋರಿನ್ ಇರುತ್ತೆ. ಲೀಟರಿಗೆ 37–38 ಗ್ರಾಂ ಮರೈನ್ ಸಾಲ್ಟ್ (ತೊಟ್ಟಿಗೆ ಅಂತ ಮಾರೋ ಸಮುದ್ರದ ಉಪ್ಪಿನ ಮಿಶ್ರಣ), ಅಂದರೆ ಒಟ್ಟು ಒಂದೂವರೆ ಕೆ.ಜಿ. ನೀರಿಗೆ ಉಪ್ಪು ಸ್ವಲ್ಪಸ್ವಲ್ಪ ಹಾಕಿ, ಉಪ್ಪಿನ ಮೇಲೆ ನೀರು ಸುರಿದರೆ ಕ್ಯಾಲ್ಸಿಯಂ ಬಿಳಿ ಪುಡಿಯಾಗಿ ತಳ ಕಟ್ಟುತ್ತೆ. ಪಂಪ್ ಬಿಟ್ಟು ರಾತ್ರಿಯಿಡೀ ಕಲಸಲಿ.

ಮರುದಿನ ಎರಡು ಬಕೆಟ್. ಮೊದಲನೆಯದರಲ್ಲಿ ತೊಟ್ಟಿಯದೇ ನೀರು 10 ಲೀಟರ್. ಎರಡನೆಯದರಲ್ಲೂ ತೊಟ್ಟಿ ನೀರು 2 ಲೀಟರ್, ಅದಕ್ಕೆ ಮರೈನ್ ಸಾಲ್ಟ್ ಇನ್ನೊಂದು 30–35 ಗ್ರಾಂ ಸೇರಿಸಿ ಪೂರ್ತಿ ಕರಗಿಸಿ. ಸಾಂದ್ರತೆ 1.037ರ ಆಸುಪಾಸು ಬರುತ್ತೆ. ಅಡುಗೆ ಉಪ್ಪು ಬೇಡ. 50 ಮಿ.ಲೀ. ಸಿರಿಂಜಿಗೆ ಗ್ಲೂಕೋಸ್ ಡ್ರಿಪ್‌ನ ಪೈಪಿನ ತುಂಡು ಸಿಕ್ಕಿಸಿಕೊಳ್ಳಿ.

ಕಲ್ಲು ಎತ್ತುವ ಮೊದಲು ಅಡಿಭಾಗ ನೋಡಿ. ಸ್ಪಂಜು ಇದ್ದರೆ ಮೇಡಂ ಹೇಳಿದ ಹಾಗೆ ಟಬ್ಬಿನಲ್ಲಿ, ನೀರಿನಲ್ಲೇ ಇಟ್ಟು ಕೆಲಸ ಮಾಡಿ. ಇಲ್ಲದಿದ್ದರೆ ತೂತು ಕೆಳಮುಖವಾಗಿ ಬರುವಂತೆ ಮೊದಲ ಬಕೆಟ್ಟಿನ ಮೇಲೆ ಹಿಡಿದು, ಮೇಲಿನ ಬಾಗಿಲಿನಿಂದ ಎರಡನೇ ಬಕೆಟ್ಟಿನ ಹೆಚ್ಚು ಉಪ್ಪಿನ ನೀರನ್ನು ಸಿರಿಂಜಿನಿಂದ ನಿಧಾನ ಒತ್ತಿ. ಒಂದೇ ಬಾಗಿಲಿದ್ದರೆ ಪೈಪನ್ನು ಒಳಗೆ ತಳದವರೆಗೆ ಸರಿಸಿ ಒತ್ತಿ, ಪ್ರಾಣಿ ಪೈಪಿನ ಪಕ್ಕದಲ್ಲಿ ಹೊರಬರಬೇಕು. ರಭಸವಾಗಿ ಒತ್ತಿದರೆ ಹೆದರಿ ಬಾಲದ ಗಟ್ಟಿ ಗುರಾಣಿಯಿಂದ ದಾರಿ ಮುಚ್ಚಿ ಕೂತುಬಿಡುತ್ತೆ. ಹೆಚ್ಚಿನವರು ಸೋಲೋದು ಅಲ್ಲೇ. ಹಾಗೇನಾದರೂ ಆದರೆ ಐದು ನಿಮಿಷ ಬಿಟ್ಟು ಮತ್ತೆ. ಬರಲೇ ಇಲ್ಲ ಅಂದರೆ ಕೊನೆಗೆ ಸಾದಾ ಸೋಡಾ (ನಿಂಬೆ, ಸಕ್ಕರೆ, ಉಪ್ಪು ಯಾವುದೂ ಇಲ್ಲದ್ದು) 20 ಮಿ.ಲೀ. ಬಿಡಿ. ಇದನ್ನು ತೊಟ್ಟಿಯ ಹೊರಗೆ ಮಾತ್ರ ಮಾಡಿ, ಆಮೇಲೆ ಕಲ್ಲನ್ನು ಮೊದಲ ಬಕೆಟ್ಟಿನ ನೀರಲ್ಲಿ ಅದ್ದಿ ತೊಳೆದು ವಾಪಸ್ ಇಡಿ. ಕಣ್ಣಿಗೆ ಕನ್ನಡಕ ಇರಲಿ, ಬಿದ್ದ ಪ್ರಾಣಿಯನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಮೊಗೆದುಕೊಳ್ಳಿ.

24 ಗಂಟೆಗೆ, 48 ಗಂಟೆಗೆ ಅಮೋನಿಯ ನೋಡಿ. ಲೀಟರಿಗೆ 0.25 ಮಿ.ಗ್ರಾಂ. ದಾಟಿದರೆ ತೊಟ್ಟಿಯ ನೀರು ತೆಗೆದು ತಯಾರಿಸಿಟ್ಟ ಆ 40 ಲೀಟರ್ ಹಾಕಿ.

---

ಹವಳ_ಬೇಲಿ:

ಕಾನೂನಿನ ಮಾತೂ ಇರಲಿ. ಕಲ್ಲು ಹವಳ, ಕಪ್ಪು ಹವಳ, ಬೆಂಕಿ ಹವಳ, ಸಮುದ್ರ ಬೀಸಣಿಗೆ ಇವನ್ನು 2001ರಲ್ಲೇ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿಸಿದ್ದಾರೆ. ನಮ್ಮ ಸಮುದ್ರದಿಂದ ಕಿತ್ತ ಹವಳದ ಕಲ್ಲನ್ನು ಮಾರೋದು, ಕೊಳ್ಳೋದು ಅಪರಾಧ. ‘ಹಳೇ ತೊಟ್ಟಿಯದು’ ಅನ್ನೋದು ಉತ್ತರವಾಗಲ್ಲ, ಮೂಲದ ದಾಖಲೆ ಕೇಳಿ ಇಟ್ಟುಕೊಳ್ಳಿ. ಮುರ್ಡೇಶ್ವರಕ್ಕೆ ಹೋಗಿ ನೇತ್ರಾಣಿಯಲ್ಲಿ ಡೈವ್ ಮಾಡುವವರು ಚಿಕ್ಕ ಚೂರೂ ತರಬೇಡಿ.

ಇನ್ನು ಕಲ್ಲು ಸೇರಿಸೋದಿದ್ದರೆ ಅಚ್ಚು ಹಾಕಿದ ಸೆರಾಮಿಕ್ ಕಲ್ಲು ಸಾಕು. ಖಾಲಿ ಕಲ್ಲಿಗೆ ಬ್ಯಾಕ್ಟೀರಿಯಾ ಕೂರಲು 4–6 ವಾರ ಬೇಕು. ಚಿತ್ರದುರ್ಗದ ಬಂಡೆ ಕಲ್ಲು ಹಾಕಬಹುದಾ ಅಂತ ಈ ಗುಂಪಿನಲ್ಲಿ ಪದೇಪದೇ ಕೇಳ್ತಾರೆ. ಗ್ರಾನೈಟ್ ನೀರನ್ನು ಕೆಡಿಸಲ್ಲ, ನಿಜ, ಆದರೆ ರಂಧ್ರವೇ ಇಲ್ಲದ ಕಲ್ಲಲ್ಲಿ ಒಳಗೆ ಯಾರೂ ಸೇರಲಾರರು. ತೂಕಕ್ಕೆ ತಳದ ಗಾಜಿಗೆ ಹೊರೆ, ಅಷ್ಟೇ.

---

ಜೀವಶಾಸ್ತ್ರ_ಮೇಡಂ:

ಹಿಡಿದ ಮ್ಯಾಂಟಿಸ್ ಅನ್ನು ಕೊಲ್ಲಬೇಡಿ, ಬೇರೆ ಇಡಿ. ಬೆರಳುದ್ದದ್ದಕ್ಕೆ 30–40 ಲೀಟರಿನ ತೊಟ್ಟಿ ಸಾಕು. ಈ ಗಾತ್ರದ್ದು 6 ಮಿ.ಮೀ. ಗಾಜು ಒಡೆಯುವ ಸಂಭವ ತೀರಾ ಕಡಿಮೆ, ನಿಮ್ಮ 10 ಮಿ.ಮೀ. ಬಗ್ಗೆ ಮನೆಯವರು ನಿಶ್ಚಿಂತೆಯಿಂದಿರಲಿ. ದೊಡ್ಡ ನವಿಲು ಮ್ಯಾಂಟಿಸ್ ಆಗಿದ್ದರೆ ಅಕ್ರಿಲಿಕ್ ತೊಟ್ಟಿ ಎನ್ನುತ್ತಿದ್ದೆ. ಅದರ ಮೈಗಿಂತ ಸ್ವಲ್ಪ ಉದ್ದದ, ಒಂದಿಂಚಿನ ಪಿವಿಸಿ ಪೈಪ್ ತುಂಡನ್ನು ಮರಳಲ್ಲಿ ಓರೆಯಾಗಿ ಹೂಳಿ, ಬಾಗಿಲು ಮುಚ್ಚಿಕೊಳ್ಳಲು ಒಂದು ಹಿಡಿ ಕಲ್ಲುಚೂರು ಕೊಡಿ. ವಾರಕ್ಕೆ ಎರಡು–ಮೂರು ಸಲ ಸಿಗಡಿ ಚೂರು, ಆಗಾಗ ಚಿಪ್ಪು ಸಹಿತ ಬಸವನಹುಳು. ಸದಾ ಮೆತ್ತನೆ ಆಹಾರವೇ ಕೊಡಬೇಡಿ. ಗುದ್ದುವ ಮುಷ್ಟಿ ಸವೆದರೂ ಪ್ರತಿ ಪೊರೆಯಲ್ಲಿ ಹೊಸದಾಗುತ್ತದೆ, ಹಾಗಾಗಿ ಗಟ್ಟಿ ಚಿಪ್ಪಿನಿಂದ ಅದಕ್ಕೆ ತೊಂದರೆಯಿಲ್ಲ.

ಕೆರೆಗೆ, ಹೊಳೆಗೆ ಬಿಟ್ಟರೆ ಸಿಹಿನೀರಲ್ಲಿ ಸಾಯುತ್ತದೆ. ಕರಾವಳಿಗೆ ಒಯ್ದು ಬಿಡುವುದೂ ತಪ್ಪು, ಅದು ಯಾವ ಸಮುದ್ರದ್ದೋ ನಮಗೆ ತಿಳಿಯದು.

---

ಕೆರೆಏರಿ:

ಇನ್ನೊಂದು. ಚಿಕ್ಕ ತೊಟ್ಟಿ ಬೇಸಿಗೆಲಿ ಬೇಗ ಕಾಯುತ್ತೆ. ನೀರು 30 ಡಿಗ್ರಿ ದಾಟಿದ್ರೆ ಆಮ್ಲಜನಕ ಇಳಿಯುತ್ತೆ, ಅಷ್ಟೊತ್ತಿಗೆ ಕರೆಂಟೂ ಹೋಗಿರುತ್ತೆ. ಮೇಲಿಂದ ಚಿಕ್ಕ ಫ್ಯಾನ್ ಬಿಟ್ರೆ 2–3 ಡಿಗ್ರಿ ಇಳಿಯುತ್ತೆ, ಆದ್ರೆ ನೀರು ಆವಿಯಾಗಿ ಉಪ್ಪು ಏರುತ್ತೆ. ಆವಿಯಾದಷ್ಟಕ್ಕೆ ಆರ್‌ಒ ನೀರೇ ಹಾಕ್ರಿ, ಉಪ್ಪುನೀರು ಅಲ್ಲ. ಬ್ಯಾಟರಿ ಏರ್ ಪಂಪ್ ಎರಡೂ ತೊಟ್ಟಿಗೆ ಒಂದೊಂದು ಇಟ್ಕೊಳ್ರಿ. ಕಲ್ಲು ತೆಗೆಯೋ ಕೆಲಸ ಬೆಳಿಗ್ಗೆ ತಂಪು ಹೊತ್ತಲ್ಲೇ, ಕರೆಂಟ್ ಇರೋ ಟೈಮ್ ನೋಡ್ಕೊಂಡು ಶುರು ಮಾಡ್ರಿ.